ನರಳುವ ಹಾರ್ನು

ಒದೆಯುವ ಎಮ್ಮೆಯ ಹಿಂದೆ ನಿಲ್ಲುವ ಧೈರ್ಯ ನನಗಿದೆ. ಗಂಟಲಲ್ಲಿ ಕಬ್ಬಿನ ತುಂಡು ಸಿಕ್ಕಿಸಿಕೊಂಡ ಹೋರಿಯ ಬಾಯಿಗೆ ಮೊಣಕೈವರೆಗೆ ಕೈ ಹಾಕಿ ಅದನ್ನು ಹೊರಗೆಳೆದಿದ್ದೇನೆ. ಆದರೆ ಬಾನೆಟ್ ಎತ್ತಿದ ಕಾರಿನ ಮುಂದೆ ನಿಂತರೆ ಸಾಕು, ಎದೆಗಾರಿಕೆಯೆಲ್ಲ ಜರ್ರನೆ ಇಳಿದುಹೋಗುತ್ತದೆ. ನಾನು ದನದ ಡಾಕ್ಟರು. ಮಾತು ಬಾರದ ಜೀವಗಳ ರೋಗ ಹುಡುಕುವವನಿಗೆ ಮಾತು ಬಾರದ ಕಾರಿನ ರೋಗ ಹುಡುಕುವುದೇನು ದೊಡ್ಡದು ಎಂದು ಬಹಳ ಜನ ಕೇಳಿದ್ದಾರೆ. ಹಾಗೆ ಕೇಳಿದವರಲ್ಲಿ ಒಬ್ಬರೂ ಕಾರು ಇಟ್ಟುಕೊಂಡವರಲ್ಲ. ಎಮ್ಮೆ ಸುಳ್ಳು ಹೇಳುವುದಿಲ್ಲ. ಹೊಟ್ಟೆ ನೊಂದರೆ ಹೊಟ್ಟೆಯ ಕಡೆಗೇ ತಿರುಗಿ ತಿರುಗಿ ನೋಡುತ್ತದೆ. ಕಾಲು ನೊಂದರೆ ಅದೇ ಕಾಲನ್ನು ಎತ್ತಿ ಹಿಡಿಯುತ್ತದೆ. ಕಾರಿನ ಕರೆಂಟಿನ ರೋಗ ಹಾಗಲ್ಲ. ನೋವು ಒಂದು ಕಡೆ, ನರಳಾಟ ಇನ್ನೊಂದು ಕಡೆ. ಈ ಲಕ್ಷಣವನ್ನು ಕಾರು ಬಿಟ್ಟರೆ ನಾನು ಬೀಗರ ಮನೆಗಳಲ್ಲಿ ಮಾತ್ರ ಕಂಡಿದ್ದೇನೆ.

ಹಾಗೆ ನೋಡಿದರೆ ಆ ಕಾರು ನನ್ನದೂ ಅಲ್ಲ. ನಮ್ಮದು ರಾಯಬಾಗ ತಾಲೂಕಿನಲ್ಲಿ ಹಾರೂಗೇರಿ ಹತ್ತಿರ ಕುರಿ, ಎಮ್ಮೆ ಸಾಕಿಕೊಂಡು ಒಂದಿಷ್ಟು ಜೋಳ ಬೆಳೆಯುವ ಮನೆತನ. ನನ್ನ ಹೆಂಡತಿ ಶಕುಂತಲೆಯದು ಬೇಡಕಿಹಾಳದ ಕಬ್ಬಿನ ಗೌಡರ ಮನೆತನ. ಎಂಬತ್ತರ ದಶಕದಲ್ಲಿ ನನಗೆ ಚಿಕ್ಕೋಡಿಗೆ ವರ್ಗವಾದಾಗ ನಾನು ಮೋಟಾರ್ ಸೈಕಲ್ಲಿನ ಮೇಲೆ ಊರೂರು ತಿರುಗುತ್ತಿದ್ದೆ. ಒಮ್ಮೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಬೇಡಕಿಹಾಳಕ್ಕೆ ಹೋಗುವಾಗ ಕಬ್ಬಿನ ಹೊಲಕ್ಕೆ ನೀರು ಬಿಟ್ಟಿದ್ದ ಕಾಲುವೆಯ ರಾಡಿಯಲ್ಲಿ ಇಬ್ಬರೂ ಮಲಗಿದೆವು. ಹೊಸ ಇಲಕಲ್ ಸೀರೆ ಉಟ್ಟು ಹೊರಟ ಮಗಳು ಮಣ್ಣಿನ ಗೊಂಬೆಯಾಗಿ ತವರಿನ ಹೊಸ್ತಿಲ ಮುಂದೆ ನಿಂತದ್ದನ್ನು ನೋಡಿದ ನನ್ನ ಮಾವ ದುಂಡಪ್ಪಗೌಡರು ತಮ್ಮ ಅಂಗಳದಲ್ಲಿ ನಿಂತಿದ್ದ ಹಳೆಯ ಬಿಳಿ ಕಾರಿನ ಕೀಲಿಕೈ ತಂದು ಮಗಳ ಕೈಗಿಟ್ಟರು. ನನ್ನ ಕೈಗಲ್ಲ, ಮಗಳ ಕೈಗೆ. ಅಂದಿನಿಂದ ಕಾರು ಮಗಳದು, ಅದರ ಯೋಗಕ್ಷೇಮ ಮಾವನದು, ನಾನು ಬರೇ ಡ್ರೈವರು.

ಯೋಗಕ್ಷೇಮ ಎಂದರೆ ಹುಡುಗಾಟವಲ್ಲ. ಪ್ರತಿ ವರ್ಷ ಮಿರಗದ, ಅಂದರೆ ಮೃಗಶಿರೆಯ, ಮಳೆ ಬೀಳುವ ಮುಂಚೆ ಕಾರನ್ನು ಬೇಡಕಿಹಾಳಕ್ಕೆ ಒಪ್ಪಿಸಬೇಕು. ಮಾವ ಅದನ್ನು ಖುದ್ದಾಗಿ ನಿಪ್ಪಾಣಿಗೆ ಒಯ್ದು, ದಸ್ತಗೀರ ಮಿಸ್ತ್ರಿಯ ಗ್ಯಾರೇಜಿನಲ್ಲಿ ಸರ್ವಿಸಿಂಗ್ ಮಾಡಿಸಿ, ಮನೆಯಲ್ಲಿ ನಾಲ್ಕು ದಿನ ಇಟ್ಟುಕೊಂಡು, ಆಮೇಲೆ ಚಿಕ್ಕೋಡಿಗೆ ಕಳಿಸುತ್ತಿದ್ದರು. ಮಗಳ ಮನೆಗೆ ಹೋಗುವ ಯಾವ ವಸ್ತುವೂ ಬೋಳಾಗಿ ಹೋಗಬಾರದು ಎಂಬುದು ಅವರ ಮನೆಯ ರೂಢಿ. ಬೆಲ್ಲದ ಪೆಂಟೆಗೆ ಅರಿಶಿಣ ಕುಂಕುಮ, ತೆಂಗಿನಕಾಯಿಗೆ ವಿಭೂತಿ, ಆಕಳು ಕಳಿಸಿದರೆ ಅದರ ಕೊರಳಿಗೆ ಗೆಜ್ಜೆ. ಕಾರು ಬರುವಾಗಲೂ ಹಾಗೇ, ಮೂತಿಗೆ ಕುಂಕುಮ ಹಚ್ಚಿಸಿಕೊಂಡು, ಹಿಂದಿನ ಸೀಟಿನಲ್ಲಿ ಶೇಂಗಾ ಹೋಳಿಗೆಯ ಡಬ್ಬಿ ಕೂರಿಸಿಕೊಂಡು, ಹೊಸ ಮದುವಣಗಿತ್ತಿಯಂತೆ ಬರುತ್ತಿತ್ತು.

ಈ ದಸ್ತಗೀರ ಮಿಸ್ತ್ರಿಯ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ವಿನಯ ಎನ್ನುವ ಗುಣ ಅವರ ಗ್ಯಾರೇಜಿನ ಬಾಗಿಲಿಗೂ ಬಂದು ಹೋದದ್ದನ್ನು ಯಾರೂ ನೋಡಿಲ್ಲ. ಬಿಳಿ ಪೈಜಾಮ, ಬಿಳಿ ಅಂಗಿ ತೊಟ್ಟೇ ಗ್ಯಾರೇಜಿಗೆ ಬರುತ್ತಿದ್ದರು. ಅಂಗಿಗೆ ಎಣ್ಣೆ ಬಡಿದರೆ ಅವನು ಮಿಸ್ತ್ರಿಯಲ್ಲ, ಗಾಣದವನು ಎನ್ನುವುದು ಅವರ ಸಿದ್ಧಾಂತ. ಪೆಟ್ರೋಲ್ ಗಾಡಿಯೊಡನೆ ಮರಾಠಿ, ಡೀಸೆಲ್ ಗಾಡಿಯೊಡನೆ ಕನ್ನಡ, ಗಿರಾಕಿ ಬುದ್ಧಿವಂತಿಕೆ ತೋರಿಸಿದರೆ ಉರ್ದು. ಗಡಿಯ ಈಚೆ ಆಚೆ ತನ್ನಂಥ ಮಿಸ್ತ್ರಿ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಕಷ್ಟ ಏನೆಂದರೆ ಅದು ನಿಜವಾಗಿತ್ತು. ಅಥಣಿಯಿಂದ, ಕಾಗವಾಡದಿಂದ ಜನ ಗಾಡಿ ಎಳೆಸಿಕೊಂಡು ಬಂದು ಅವರ ಬೈಗುಳ ತಿಂದು ಸಂತೋಷವಾಗಿ ಮನೆಗೆ ಹೋಗುತ್ತಿದ್ದರು.

ನನ್ನ ಮಾವನಿಗೂ ಅವರಿಗೂ ಹುಡುಗರಾಗಿದ್ದಾಗಿನ ಗೆಳೆತನ. ಒಂದೇ ತಾಲೀಮಿನಲ್ಲಿ ಕುಸ್ತಿ ಕಲಿತವರು. ಪ್ರತಿ ಸಂತೆಯ ದಿನ ಮಾವ ನಿಪ್ಪಾಣಿಗೆ ಹೋದರೆ ಗ್ಯಾರೇಜಿನ ಮುಂದಿನ ಮರದ ಬಾಕಿನ ಮೇಲೆ ಇಬ್ಬರೂ ಕೂರುವರು. ಎದುರಿನ ಹೋಟೆಲಿನಿಂದ ಒಂದೇ ಒಂದು ಚಹಾ ಬರುವುದು. ಕಪ್ಪಿನಲ್ಲಿ ಉಳಿದದ್ದು ಮಿಸ್ತ್ರಿಗೆ, ಬಸಿಗೆ ಸುರಿದದ್ದು ಮಾವನಿಗೆ. ಇಬ್ಬರಿಗೂ ಎರಡೆರಡು ಚಹಾ ಕುಡಿಸುವ ತಾಕತ್ತಿತ್ತು. ಆದರೂ ಒಂದೇ ಚಹಾ. ಒಮ್ಮೆ ನಾನು ಅಳಿಯತನದ ಹುಮ್ಮಸ್ಸಿನಲ್ಲಿ ಇನ್ನೊಂದು ಚಹಾ ಹೇಳಿದೆ. ಇಬ್ಬರೂ ನನ್ನನ್ನು ನೋಡಿದ ರೀತಿಗೆ ಆ ಚಹಾವನ್ನು ನಾನೇ ಕುಡಿಯಬೇಕಾಯಿತು. ಶಕುಂತಲೆಗೆ ಮಿಸ್ತ್ರಿ ಎಂದರೆ ದಸ್ತಗೀರ ಕಾಕಾ. ನಾಗರಪಂಚಮಿಗೆ ಅವಳು ತವರಿಗೆ ಹೋದಾಗ ಬೇವಿನ ಮರಕ್ಕೆ ಜೋಕಾಲಿ ಕಟ್ಟುವ ಹಕ್ಕು ಅವಳು ಚಿಕ್ಕವಳಿದ್ದಾಗಿನಿಂದ ಅವರದೇ. ಬೇರೆಯವರು ಹಾಕಿದ ಗಂಟಿನ ಮೇಲೆ ಅವಳು ಕೂರುವವಳೂ ಅಲ್ಲ.

ಆ ವರ್ಷ ಸರ್ವಿಸಿಂಗ್ ಮುಗಿದ ಹೊತ್ತಿಗೆ ಕಾರಹುಣ್ಣಿಮೆ ಬಂತು. ಎತ್ತುಗಳ ಮೈ ತೊಳೆದು, ಕೋಡು ಕೆರೆದು, ಬಣ್ಣ ಹಚ್ಚಿ ಮೆರೆಸುವ ಹಬ್ಬ. ಕಾರು ಹಬ್ಬ ಮುಗಿಸಿಕೊಂಡು ಚಿಕ್ಕೋಡಿಗೆ ಬಂತು. ಏನು ಹೊಳಪು! ಎಂಜಿನ್ನು ಬೆಕ್ಕಿನಂತೆ ಗುರುಗುಡುತ್ತಿತ್ತು. ಮರುದಿನ ಸಂಜೆ ಅಕ್ಕೋಳದಿಂದ ಒಂದು ಎಮ್ಮೆಯ ಕರೆ ಬಂತು. ಠೀವಿಯಿಂದ ಹೊರಟೆ. ದಾರಿಗೆ ಅಡ್ಡವಾಗಿ ದನಗಳ ಹಿಂಡು ಮನೆಗೆ ಮರಳುತ್ತಿತ್ತು. ಹಾರ್ನ್ ಒತ್ತಿದೆ. 'ಪೋಂ' ಎನ್ನಬೇಕಿದ್ದ ಹಾರ್ನು 'ಹೂಂ...' ಎಂದು ನರಳಿತು. ಕಷ್ಟದ ಹೆರಿಗೆಯ ಎಮ್ಮೆಗಳು ಹಾಗೆಯೇ ನರಳುತ್ತವೆ, ಅದು ನನಗೆ ಚೆನ್ನಾಗಿ ಗೊತ್ತಿದ್ದ ದನಿ. ಹಿಂಡು ದಾರಿ ಬಿಡಲಿಲ್ಲ. ನಾಲ್ಕೈದು ಎಮ್ಮೆಗಳು ಹಿಂತಿರುಗಿ ಬಂದು ಬಾನೆಟ್ಟನ್ನು ಮೂಸಿ ನೋಡಿದವು. ಅವುಗಳ ಕಣ್ಣಲ್ಲಿ ಅಂಥ ಕನಿಕರವನ್ನು ನಾನು ಹಿಂದೆ ಕಂಡಿರಲಿಲ್ಲ.

ಕತ್ತಲಾಗುತ್ತ ಬಂದಂತೆ ಉಳಿದ ರೋಗಗಳೂ ಹೊರಬಿದ್ದವು. ಎಡಕ್ಕೆ ತಿರುಗುವ ದೀಪ ಹಾಕಿದರೆ ಎಡ ಬಲ ಎರಡೂ ಕಡೆ ಮಂಕಾಗಿ ಮಿಣುಕುತ್ತಿತ್ತು. ಎದುರು ಬಂದವನು ನಾನು ಯಾವ ಕಡೆ ಹೋಗುತ್ತೇನೆಂದು ತಿಳಿಯದೆ ಗಾಡಿ ನಿಲ್ಲಿಸಿ ಕೈಮುಗಿದ. ಮುಂದಿನ ದೊಡ್ಡ ದೀಪ ಹಾಕಿದರೆ ಅದು ದೇವರ ಮುಂದಿನ ನಂದಾದೀಪದಷ್ಟು ಉರಿಯಿತು. ಹಾರ್ನ್ ಒತ್ತಿದಾಗಲೆಲ್ಲ ಹಿಂದಿನ ಕೆಂಪು ದೀಪ ಮೆಲ್ಲಗೆ ಕಣ್ಣು ಬಿಡುತ್ತದೆ ಎಂದು ಹಿಂದೆ ಸೈಕಲ್ ಮೇಲೆ ಬರುತ್ತಿದ್ದವನೊಬ್ಬ ಸಾಕ್ಷಿ ಹೇಳಿದ. ಒಟ್ಟಿನಲ್ಲಿ ಕಾರಿನೊಳಗೆ ಯಾರ ಕೆಲಸ ಯಾರು ಮಾಡಬೇಕೆಂಬ ಬಗ್ಗೆ ಭಿನ್ನಾಭಿಪ್ರಾಯ ಹುಟ್ಟಿತ್ತು.

ನಮ್ಮ ಕಡೆ ಒಂದು ಒಳ್ಳೆಯ ಗುಣವಿದೆ. ಬಾನೆಟ್ ಎತ್ತಿದ ಗಾಡಿಯನ್ನು ಕಂಡರೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ಚಿಕ್ಕೋಡಿಯ ಬಸವ ಸರ್ಕಲ್ಲಿನ ಪಾನ್ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿದ್ದೇ ತಡ, ಗಾಡಿಯ ಆರೋಗ್ಯ ವಿಚಾರಿಸಲು ಊರೇ ಬಂತು. ಬಸ್ ಡ್ರೈವರೊಬ್ಬ ಬ್ಯಾಟರಿ ಎಂದ. ತಂಬಾಕಿನ ದಲಾಲಿಯೊಬ್ಬರು ಡೈನಮೋ ಎಂದರು. ಪಾನ್ ಅಂಗಡಿಯವನು ಸುಣ್ಣದ ಬೆರಳನ್ನೇ ಒಳಗೆ ಚಾಚಿ ಫ್ಯೂಜ್ ತೋರಿಸಿದ. ಕಾಗವಾಡ ಕಡೆಯವರೊಬ್ಬರು ಇದಕ್ಕೆ ಮಿರಜಿನಲ್ಲೇ ಔಷಧ ಎಂದು ಖಡಾಖಂಡಿತವಾಗಿ ಹೇಳಿದರು; ಅವರ ಮಂಡಿನೋವೂ ಅಲ್ಲೇ ಗುಣವಾಗಿತ್ತಂತೆ. ಒಬ್ಬ ಎಲೆಕ್ಟ್ರಿಶಿಯನ್ ಬಂದು ಬಲ್ಬು ಬದಲಿಸಿದ, ಫ್ಯೂಜ್ ಬದಲಿಸಿದ, ಕೊನೆಗೆ ಹಾರ್ನನ್ನೇ ಬದಲಿಸಿದ. ಹೊಸ ಹಾರ್ನು ಅದೇ ನರಳಾಟವನ್ನು ಸ್ವಲ್ಪ ಎಳೆಯ ದನಿಯಲ್ಲಿ ಮುಂದುವರಿಸಿತು. ಮೊದಲು ಎಮ್ಮೆ ನರಳುತ್ತಿತ್ತು, ಈಗ ಕರು.

ಇಷ್ಟು ಮಂದಿಯ ನಡುವೆ ಒಂದೇ ಒಂದು ವಿಷಯದಲ್ಲಿ ಒಮ್ಮತವಿತ್ತು. ಸರ್ವಿಸಿಂಗಿಗೆ ಮುಂಚೆ ಗಾಡಿ ನೆಟ್ಟಗಿತ್ತೋ ಇಲ್ಲವೋ ಎಂದು ಎಲ್ಲರೂ ಕೇಳುವರು. ನೆಟ್ಟಗಿತ್ತು ಎಂದು ನಾನು ಹೇಳುವೆ. ಹಾಗಾದರೆ ಸರ್ವಿಸಿಂಗ್ ಮಾಡಿದವನೇ ಏನೋ ಕಿತಾಪತಿ ಮಾಡಿದ್ದಾನೆ ಎಂದು ತಲೆಯಾಡಿಸುವರು. ನಾನು ಅಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಆದರೆ ಚಿಕ್ಕೋಡಿಯಲ್ಲಿ ಆಡಿದ ಮಾತು ಬೇಡಕಿಹಾಳ ತಲುಪಲು ಬಸ್ಸು ಬೇಕಿಲ್ಲ. ಮಗಳ ಗಾಡಿಯನ್ನು ದಸ್ತಗೀರ ಹಾಳು ಮಾಡಿದನಂತೆ ಎನ್ನುವ ರೂಪ ತಾಳಿ ಅದು ಮಾವನ ಕಿವಿಗೆ ಬಿತ್ತು. ಮಾವ ತಮ್ಮ ವಿಷಯಕ್ಕೆ ಎಂದೂ ಸಿಟ್ಟಾಗುವವರಲ್ಲ. ಮಗಳ ವಿಷಯಕ್ಕೆ ಬಂದರೆ ಬೆಂಕಿ. ಆ ವಾರದ ಸಂತೆಗೆ ಹೋದವರು ಬಾಕಿನ ಮೇಲೆ ಕೂರದೆ, ನಿಂತೇ, ಗಿರಾಕಿಗಳ ಎದುರಿಗೇ ಕೇಳಿಬಿಟ್ಟರಂತೆ: "ದಸ್ತ್ಯಾ, ಮಗಳ ಗಾಡಿ ಅಂತ ಗೊತ್ತಿದ್ದೂ ಹಿಂಗ್ಯಾಕ ಮಾಡಿದಿ?" ಮಿಸ್ತ್ರಿ ಹೇಳಿದ್ದಿಷ್ಟೇ: "ನನ್ನ ಕೈಯಾಗಿಂದ ಗಾಡಿ ಚಲೋ ಹೋಗೇತಿ. ಗೌಡಾ, ನೀ ಹಿಂಗ ಕೇಳಬಾರದಿತ್ತು." ಹೋಟೆಲಿನಿಂದ ಎಂದಿನಂತೆ ಬಂದಿದ್ದ ಕಪ್ಪು, ಬಸಿ ಹಾಗೇ ವಾಪಸು ಹೋದವು. ಮುಂದಿನ ಸಂತೆಯಿಂದ ಮಾವ ಬೇರೆ ರಸ್ತೆಯಲ್ಲಿ ಹೋಗತೊಡಗಿದರು.

ಈ ಸುದ್ದಿ ಬಂದ ದಿನ ಶಕುಂತಲೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ನನ್ನ ಮುಂದೆ ನಿಂತಳು. ಕಾರಿನ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ. ಬೇಕಾದರೆ ಅದನ್ನು ಕೋಳಿಗೂಡು ಮಾಡಲೂ ಅವಳು ತಯಾರು. ಅವಳ ಮಾತು ಬೇರೆ. "ಪಂಚಮಿ ಹತ್ರ ಬಂತು. ಕಾಕಾ ಜೋಕಾಲಿ ಕಟ್ಟಾಕ ಬರಲಿಲ್ಲಂದ್ರ ನಾನೂ ತವರಿಗಿ ಹೋಗಂಗಿಲ್ಲ. ಇಬ್ಬರೂ ಮುದುಕರಾಗ್ಯಾರ. ಈಗ ಬಿಟ್ಟ ಮಾತು ಮತ್ತ ಯಾವಾಗ ಆಡ್ತಾರ?" ಎಂದಳು. ಅವಳ ಕಣ್ಣು ತುಂಬಿದ್ದವು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಹಾರ್ನು ಹೇಗಾದರೂ ನರಳಲಿ, ಆ ಬಾಕು ಹೀಗೇ ಖಾಲಿ ಉಳಿದರೆ ಗತಿಯೇನು ಎಂಬುದು ನನಗೂ ಹೊಳೆಯಿತು.

ರಾಯಭಾರಕ್ಕೆ ಹೊರಟೆ. ಎರಡು ಹೋರಿಗಳ ನಡುವೆ ನಿಂತವನ ಪಾಡು ನನಗೆ ಹೊಸದೇನಲ್ಲ, ಆದರೆ ಹೋರಿಗಳಿಗೆ ಷರತ್ತು ಹಾಕಲು ಬರುವುದಿಲ್ಲ. ತಾನು ಗಾಡಿ ಮುಟ್ಟಬೇಕಾದರೆ ಗೌಡ ಎದುರಿಗೆ ಇರಬೇಕು, ತಾನು ಎಲ್ಲಿ ತಪ್ಪಿದೆನೆಂದು ಬೆರಳಿಟ್ಟು ತೋರಿಸಬೇಕು ಎಂದರು ಮಿಸ್ತ್ರಿ. ಮಾವ, ಬರುತ್ತೇನೆ, ಬೆರಳಿಟ್ಟು ತೋರಿಸಲಿಕ್ಕೇ ಬರುತ್ತೇನೆ, ಆದರೆ ರಿಪೇರಿಯಾಗುವ ತನಕ ಆ ಗಾಡಿಯಲ್ಲಿ ಕಾಲಿಡುವುದಿಲ್ಲ ಎಂದರು. ಆಡಿದಂತೆ ನಡೆಯುವ ಮನುಷ್ಯ. ಸಂತೆಯ ದಿನ ನಸುಕಿನಲ್ಲೇ ಚಕ್ಕಡಿ ಹೂಡಿ, ತಮ್ಮ ಬಿಳಿ ಜೋಡೆತ್ತುಗಳನ್ನು ಹೊಡೆದುಕೊಂಡು ನಿಪ್ಪಾಣಿಗೆ ಬಂದರು. ನಾನು, ಶಕುಂತಲೆ ನರಳುತ್ತ ಬಂದೆವು. ಗ್ಯಾರೇಜಿನ ಅಂಗಳದಲ್ಲಿ ಒಂದು ಕಡೆ ನಮ್ಮ ಕಾರು, ಇನ್ನೊಂದು ಕಡೆ ನೊಗಕ್ಕೆ ಕೊರಳು ಕೊಟ್ಟು ನಿಂತ ಎತ್ತುಗಳು. ಸಂತೆಗೆ ಬಂದ ಅರ್ಧ ಊರು ಅಲ್ಲಿತ್ತು. ಮಿಸ್ತ್ರಿಯ ಮೇಲೆ ಹೊಟ್ಟೆಕಿಚ್ಚಿದ್ದ ಬೇರೆ ಗ್ಯಾರೇಜಿನವರು ಮುಂದಿನ ಸಾಲಿನಲ್ಲೇ ಜಾಗ ಹಿಡಿದಿದ್ದರು.

ಮಿಸ್ತ್ರಿಯ ಕೆಲಸವನ್ನು ನಾನು ಅಂದು ಮೊದಲ ಸಲ ಹತ್ತಿರದಿಂದ ನೋಡಿದೆ. ಅವರು ಬೋಲ್ಟು ತಿರುಗಿಸುವ ಪಾನೆ ಹಿಡಿಯಲಿಲ್ಲ, ಬಾನೆಟ್ ಎತ್ತಲಿಲ್ಲ. ಬಿಳಿ ಅಂಗಿಯ ತೋಳನ್ನೂ ಮಡಿಸದೆ ಡ್ರೈವರ್ ಸೀಟಿನಲ್ಲಿ ಹೋಗಿ ಕುಳಿತರು. ಗೌಡರನ್ನು ಕಾರಿನ ಮುಂದೆ ನಿಲ್ಲಿಸಿದರು, ಶಕುಂತಲೆಯನ್ನು ಹಿಂದೆ ನಿಲ್ಲಿಸಿದರು. ಒಂದೊಂದೇ ಗುಂಡಿ ಒತ್ತುವರು, ಏನು ಉರಿಯಿತು, ಏನು ಆರಿತು ಎಂದು ಅವರಿಬ್ಬರೂ ಕೂಗಿ ಹೇಳಬೇಕು. ಮಾತು ಬಿಟ್ಟಿದ್ದ ಗೆಳೆಯನಿಗೆ ಗೌಡರು ಹೀಗೆ ಮೊದಲ ಮಾತು ಆಡಿದರು. "ಮಿಣಕ್‌ ಮಿಣಕ್‌ ಅನ್ನಾಕತ್ತೈತಿ" ಎಂದು. ಹಾರ್ನ್ ಒತ್ತಿದಾಗ ಹಿಂದಿನ ದೀಪ ಕಣ್ಣು ಬಿಟ್ಟಿತು ಎಂದು ಮಗಳು ಹೇಳಿದಳು. ದೊಡ್ಡ ದೀಪ ಹಾಕಿ ಹಾರ್ನ್ ಒತ್ತಿದಾಗ ನರಳಾಟವೂ ನಿಂತು ಬರೀ ನಿಟ್ಟುಸಿರು ಬಂತು. ಮಿಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಾನು ಎಷ್ಟೋ ವರ್ಷಗಳಿಂದ ದನದ ಹೊಟ್ಟೆಗೆ ಕಿವಿಗೊಟ್ಟು ಕೇಳುವವನು. ಕೇಳುವವನನ್ನು ಕಂಡರೆ ನನಗೆ ತಿಳಿಯುತ್ತದೆ. ಅವರು ಕೇಳುತ್ತಿದ್ದ ರೀತಿಗೆ ನನಗೆ ಕೈಮುಗಿಯಬೇಕೆನಿಸಿತು.

ಕೆಳಗಿಳಿದು ಎಲ್ಲರಿಗೂ ಕೇಳುವಂತೆ ಅವರು ರೋಗ ಹೇಳಿದರು. ಬ್ಯಾಟರಿಯಿಂದ ಹೊರಟ ಕರೆಂಟು ದೀಪ ಉರಿಸಿ, ಹಾರ್ನ್ ಊದಿ, ಕೆಲಸ ಮುಗಿಸಿಕೊಂಡು ಮರಳಿ ಬ್ಯಾಟರಿಗೇ ಬರಬೇಕು. ಮರಳುವ ದಾರಿ ಎಂದರೆ ಗಾಡಿಯ ಕಬ್ಬಿಣದ ಮೈ. ಅದಕ್ಕೆ ಅರ್ಥಿಂಗ್ ಎನ್ನುತ್ತಾರೆ. "ಅದು ಉರಿಯಂಗಿಲ್ಲ, ಒದರಂಗಿಲ್ಲ, ಸುಮ್ಮ ಬಿದ್ದಿರತೈತಿ. ಅದು ನೆಟ್ಟಗಿದ್ದಾಗ ಯಾರೂ ಅದನ್ನ ನೆನಸಂಗಿಲ್ಲ. ಅದು ತಪ್ಪಿತಂದ್ರ ಕರೆಂಟು ತನ್ನ ಮನಿಗಿ ದಾರಿ ಸಿಗದ, ಮಂದಿ ಮನ್ಯಾಗ ಹೊಕ್ಕು ಹೊಂಡತೈತಿ." ಹಾರ್ನಿನ ಕರೆಂಟು ಹಿಂದಿನ ದೀಪದೊಳಗೆ ನುಗ್ಗಿದ್ದು ಹಾಗೆ, ಎಡದ ಕರೆಂಟು ಬಲಕ್ಕೆ ಹೋದದ್ದು ಹಾಗೆ. ಇಷ್ಟು ಹೇಳಿ ಬಾನೆಟ್ ಎತ್ತಿಸಿ, ಒಂದು ತುಂಡು ತಂತಿಯ ಒಂದು ತುದಿಯನ್ನು ಬ್ಯಾಟರಿಗೆ, ಇನ್ನೊಂದನ್ನು ದೀಪದ ಹಿಂದಿನ ತಂತಿಗಳ ಗಂಟಿಗೆ ಹಿಡಿದು, ನನಗೆ ಹಾರ್ನ್ ಒತ್ತಲು ಹೇಳಿದರು. ಒತ್ತಿದೆ. ವಾರಗಟ್ಟಲೆ ನರಳಿದ ಹಾರ್ನು ಒಮ್ಮೆಲೆ ಎಂಥ ಆರ್ಭಟ ಮಾಡಿತೆಂದರೆ ಎತ್ತುಗಳು ನೊಗ ಸಮೇತ ಹಿಂದಕ್ಕೆ ಸರಿದವು, ಮುಂದಿನ ಸಾಲಿನ ಮಿಸ್ತ್ರಿಗಳು ಎರಡನೇ ಸಾಲಿಗೆ ಹೋದರು.

ಉಳಿದದ್ದು ಒಂದೇ ಬೋಲ್ಟು. ಮಡ್‌ಗಾರ್ಡಿನ ಒಳಮೈಗೆ, ಆ ಎಲ್ಲ ತಂತಿಗಳನ್ನು ಕೂಡಿಸಿ ಕಬ್ಬಿಣಕ್ಕೆ ಬಿಗಿದದ್ದು. ಚಿಕ್ಕೋಡಿಯಲ್ಲೂ ಅದನ್ನು ಅಲುಗಾಡಿಸಿ ನೋಡಿದ್ದರು, ಕಲ್ಲಿನಂತೆ ಗಟ್ಟಿಯಾಗಿತ್ತು, ಮೇಲೆ ಮಳೆಯ ರಾಡಿ ಮೆತ್ತಿತ್ತು. ಮಿಸ್ತ್ರಿ ಅದನ್ನು ತಾವೇ ಬಿಚ್ಚಿದರು. ಬಿಚ್ಚಿ ಒಂದು ಕ್ಷಣ ಹಾಗೇ ನಿಂತರು. ನಾನು ಅವರ ಭುಜದ ಮೇಲಿಂದ ಇಣುಕಿದೆ. ಬೋಲ್ಟಿನ ಕೆಳಗೆ, ವಾಶರಿನ ಕೆಳಗೆ, ತಂತಿಗಳ ತುದಿಯ ಉಂಗುರಗಳ ಸುತ್ತ, ಎಲ್ಲ ಕಡೆ ದಪ್ಪಗೆ, ಒಪ್ಪವಾಗಿ, ಎರಡು ಸಲ ಬಳಿದ ಹಸಿರು ಎಣ್ಣೆಬಣ್ಣ. ಬಣ್ಣ ಕುಳಿತಲ್ಲಿ ಕರೆಂಟು ದಾಟಲಾರದು, ಅಷ್ಟು ನನಗೂ ಅರ್ಥವಾಯಿತು. ಮಿಸ್ತ್ರಿ ಮೆಲ್ಲಗೆ ತಲೆ ಎತ್ತಿದರು. ಎದುರಿಗೆ ಮಾವನ ಎತ್ತುಗಳು ನಿಂತಿದ್ದವು. ಅವುಗಳ ಕೋಡು ಬುಡದಿಂದ ತುದಿಯವರೆಗೆ ಅದೇ ಹಸಿರು.

ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರಹುಣ್ಣಿಮೆಗೆ ಕೋಡನ್ನು ಮೊದಲು ಚೆನ್ನಾಗಿ ಕೆರೆಯುತ್ತಾರೆ, ಕೆರೆದ ಮೇಲೆ ಬಣ್ಣ ಹಚ್ಚುತ್ತಾರೆ. ಕೆರೆದು ಹಾಗೇ ಬಿಟ್ಟ ಕೋಡು ಎಂದರೆ ಅರ್ಧ ಮಾಡಿ ಬಿಟ್ಟ ಕೆಲಸ, ಮನೆಯ ಯಜಮಾನನಿಗೆ ಅವಮಾನ. ಮಿಸ್ತ್ರಿ ಸರ್ವಿಸಿಂಗಿನಲ್ಲಿ ಅಲ್ಲಿನ ತುಕ್ಕು ಕೆರೆದು, ಕಬ್ಬಿಣವನ್ನು ಹೊಳೆಯುವಂತೆ ಮಾಡಿ, ಕರೆಂಟಿಗೆ ಹೆದ್ದಾರಿ ಹಾಕಿ ಕಳಿಸಿದ್ದರು. ಮಾವ ಹಬ್ಬದ ದಿನ ಕುಂಕುಮ ಹಚ್ಚಲು ಬಾನೆಟ್ ಎತ್ತಿದಾಗ ಬೋಲ್ಟಿನ ಸುತ್ತ ಕೆರೆದ ಬೋಳು ಜಾಗ ಕಂಡಿದೆ. ಗೆಳೆಯ ಕೆರೆದವನು ಬಣ್ಣ ಹಚ್ಚುವುದನ್ನು ಮರೆತ ಎಂದುಕೊಂಡಿದ್ದಾರೆ. ಎತ್ತಿಗೆ ತಂದ ಬಣ್ಣ ಕೈಯಲ್ಲೇ ಇತ್ತು. ಮಗಳ ಗಾಡಿ. ಬೋಲ್ಟು ಬಿಚ್ಚಿ, ಒಳಗೂ ಹೊರಗೂ ಬಳಿದು, ಒಣಗಿಸಿ, ಕುಸ್ತಿಪಟುವಿನ ಕೈಯಿಂದ ಬಿಗಿದಿದ್ದಾರೆ.

ಇದೆಲ್ಲ ಮಿಸ್ತ್ರಿಗೆ ಹೊಳೆಯಲು ನನಗಿಂತ ಕಡಿಮೆ ಹೊತ್ತು ಸಾಕಾಗಿರಬೇಕು. ಊರೆಲ್ಲ ನಿಂತು ನೋಡುತ್ತಿದೆ; ಬೇಡಿದ್ದು ಬಾಯಿಗೇ ಬಂದು ಬಿದ್ದಿದೆ; ಬಣ್ಣ ತೋರಿಸಿ ಒಂದು ಮಾತು ಆಡಿದರೆ ಅವರ ಹೆಸರು ಮೊದಲಿಗಿಂತ ಎತ್ತರಕ್ಕೆ ಹೋಗುತ್ತಿತ್ತು. ಆ ಮನುಷ್ಯ ಏನು ಮಾಡಿದರು ಗೊತ್ತೆ? ತಮ್ಮ ಆ ಬಿಳಿ ಅಂಗಿಯ ತೋಳಿನಿಂದಲೇ ಬೋಲ್ಟನ್ನು ಮುಚ್ಚಿ, ಜನರ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದರು: "ನಂದ ತಪ್ಪ. ಬೋಲ್ಟ್ ಸಡ್ಲ ಬಿಟ್ಟಿದ್ದೆ."

ಹುಟ್ಟಿದಾಗಿನಿಂದ ತಪ್ಪು ಎಂಬ ಶಬ್ದವನ್ನು ಬೇರೆಯವರಿಗಷ್ಟೇ ಬಳಸಿದ ಮನುಷ್ಯನ ಬಾಯಿಂದ ಆ ಮಾತು ಬಂದದ್ದಕ್ಕೆ ನೆರೆದವರೆಲ್ಲ ತಬ್ಬಿಬ್ಬಾದರು. ಮಾವ ಅಷ್ಟರಲ್ಲಿ ಬೆರಳಿಟ್ಟು ತೋರಿಸುವ ಹುರುಪಿನಿಂದ ಬಾನೆಟ್ಟಿನೊಳಗೆ ತಲೆ ಹಾಕಿದ್ದರು. ಅಂಗಿಯ ತೋಳು ಸಣ್ಣದು, ಹಸಿರು ದೊಡ್ಡದು. ಅವರು ಬೋಲ್ಟನ್ನು ನೋಡಿದರು, ಎತ್ತುಗಳನ್ನು ನೋಡಿದರು, ಗೆಳೆಯನ ಮುಖ ನೋಡಿದರು. ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನಾಗಿದ್ದರೆ ಖಂಡಿತ ಸುಮ್ಮನಿರುತ್ತಿದ್ದೆ. ಗೌಡರು ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮಂದಿಗೆಲ್ಲ ಕೇಳುವಂತೆ ಹೇಳಿದರು: "ಏ ದಸ್ತ್ಯಾ, ಸುಳ್ಳ ಹೇಳಬ್ಯಾಡ. ಅದು ನನ್ನ ಎತ್ತಿನ ಬಣ್ಣ. ನೀ ಕೆರದಿದ್ದಿ, ನಾ ಹಚ್ಚೇನಿ. ತಪ್ಪ ನಂದ."

ಇಲ್ಲಿಗೆ ಜಗಳ ಮುಗಿಯಿತು ಎಂದುಕೊಂಡರೆ ನಿಮಗೆ ನಮ್ಮ ಕಡೆಯವರು ಗೊತ್ತಿಲ್ಲ. ಅಸಲಿ ಜಗಳ ಶುರುವಾದದ್ದೇ ಇಲ್ಲಿಂದ. ಕೆರೆದದ್ದು ಯಾಕೆಂದು ಹೇಳಿ ಕಳಿಸಬೇಕಿತ್ತು, ಹೇಳಲಿಲ್ಲ, ಆದ್ದರಿಂದ ತಪ್ಪು ತನ್ನದು ಎಂದರು ಮಿಸ್ತ್ರಿ. ಗೊತ್ತಿಲ್ಲದ ಕಡೆ ಕೈ ಹಾಕಿದವನು ತಾನು, ಮೇಲೆ ಗೆಳೆಯನನ್ನು ಸಂತೆಯಲ್ಲಿ ನಿಲ್ಲಿಸಿ ಕೇಳಿದವನೂ ತಾನು ಎಂದರು ಮಾವ. ಒಬ್ಬರ ತಪ್ಪನ್ನು ಒಬ್ಬರು ಕಸಿದುಕೊಳ್ಳಲು ತಾಲೀಮಿನ ಪಟ್ಟುಗಳೆಲ್ಲ ಹೊರಬಂದವು. ದನಿ ಏರಿತು. ಹೋಟೆಲಿನವನು ತಾನಾಗಿಯೇ ಚಹಾ ತಂದು ಬಾಕಿನ ಮೇಲಿಟ್ಟ. ನೀನು ತಪ್ಪು ಬಿಟ್ಟುಕೊಡುವ ತನಕ ನಾನು ಬಸಿ ಮುಟ್ಟುವುದಿಲ್ಲ ಎಂದರು ಒಬ್ಬರು. ಕಪ್ಪು ಮುಟ್ಟುವುದಿಲ್ಲ ಎಂದರು ಇನ್ನೊಬ್ಬರು. ಚಹಾ ಆರುತ್ತಿತ್ತು. ಇಷ್ಟು ದಿನ ತಪ್ಪು ನಿನ್ನದು ಎಂದು ಮಾತು ಬಿಟ್ಟವರು ಈಗ ತಪ್ಪು ನನ್ನದು ಎಂದು ಮಾತು ಬಿಡುವ ಲಕ್ಷಣ ಕಂಡಿತು.

ಆಗ ಶಕುಂತಲೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಈ ಹೆಂಗಸಿನ ಬಗ್ಗೆ ನನಗಿರುವ ಗೌರವಕ್ಕೆ ಆ ದಿನವೇ ಮೂಲ. ಅವಳು ತಂದೆಯನ್ನೂ ನೋಡಲಿಲ್ಲ, ಕಾಕಾನನ್ನೂ ನೋಡಲಿಲ್ಲ, ನನ್ನ ಕಡೆ ಕೈ ತೋರಿಸಿದಳು. "ನಿಮ್ಮಿಬ್ಬರದೂ ತಪ್ಪಿಲ್ಲ. ಇವರು ಹಾರ್ನ್ ಭಾಳ ಹೊಡೀತಾರ. ಹೊಡದು ಹೊಡದು ಕರೆಂಟ್ ಹಾದಿ ತಪ್ಪೇತಿ."

ಇದಕ್ಕಿಂತ ಅಸಂಬದ್ಧವಾದ ಮಾತು ಆ ಗ್ಯಾರೇಜಿನಲ್ಲಿ ಹಿಂದೆ ಯಾರೂ ಆಡಿರಲಿಕ್ಕಿಲ್ಲ. ಗಡಿಯ ಈಚೆ ಆಚೆ ಸರಿಸಾಟಿಯಿಲ್ಲದ ದಸ್ತಗೀರ ಮಿಸ್ತ್ರಿ ಈಗ ಉರ್ದುವಿನಲ್ಲಿ ಬೈಯುತ್ತಾರೆಂದು ನಾನು ನೆಮ್ಮದಿಯಿಂದ ಕಾದೆ. ಮಿಸ್ತ್ರಿ ಗಡ್ಡ ಸವರಿಕೊಂಡು, ಬಹಳ ಗಂಭೀರವಾಗಿ, ಹಾರ್ನ್ ಅತಿಯಾಗಿ ಬಳಸಿದರೆ ಹಾ ಪ್ರಾಬ್ಲಮ್ ಹೋತೋಚ, ಈ ತೊಂದರೆ ಆಗಿಯೇ ಆಗುತ್ತದೆ ಎಂದು ಮರಾಠಿಯಲ್ಲಿ ಒಪ್ಪಿಕೊಂಡರು. ಮಾವ ತಾವು ಅದನ್ನು ಮೊದಲೇ ಗಮನಿಸಿದ್ದಾಗಿಯೂ, ಅಳಿಯ ಎಂಬ ಮುಲಾಜಿಗೆ ಸುಮ್ಮನಿದ್ದುದಾಗಿಯೂ ಹೇಳಿದರು. ಇಬ್ಬರ ಮುಖದ ಮೇಲೂ ಏನು ನಿರಾಳ! ಬಾಕಿನ ಮೇಲೆ ಕೂತರು. ಬಸಿಗೆ ಸುರಿದದ್ದು ಮಾವನಿಗೆ, ಕಪ್ಪಿನಲ್ಲಿ ಉಳಿದದ್ದು ಮಿಸ್ತ್ರಿಗೆ. ಆರಿದ ಚಹಾವನ್ನು ಅವರು ಅಷ್ಟು ಸವಿದು ಕುಡಿಯುವುದನ್ನು ನಿಂತು ನೋಡುತ್ತಿದ್ದಾಗ, ಅಂಗಳದಲ್ಲಿದ್ದ ಅಷ್ಟೂ ಜನ ನನ್ನನ್ನು ನೋಡಿ ತಲೆಯಾಡಿಸುತ್ತಿದ್ದಾಗ, ನನಗೆ ಅರ್ಥಿಂಗ್ ಎಂದರೆ ಏನೆಂದು ಪೂರ್ತಿಯಾಗಿ ತಿಳಿಯಿತು.

ಪಂಚಮಿಗೆ ಬೇಡಕಿಹಾಳಕ್ಕೆ ಹೋದೆವು. ದಾರಿಯುದ್ದಕ್ಕೂ ಹಾರ್ನು ಗಂಡಸಿನಂತೆ ಕೂಗಿತು. ಮಾವ ನನಗೆ ಬಟ್ಟೆ ಉಡುಗೊರೆ ಕೊಟ್ಟು ಆಹೇರಿ ಮಾಡಿದರು. ಅಂಗಿಯ ಬಟ್ಟೆ ಆಗಲೇ ಹೊಲಿಸಿ ಇಟ್ಟಿದ್ದರು, ಅಪ್ಪಟ ಹಸಿರು. ಹಾಕಿಕೊಂಡು ಪಡಸಾಲೆಗೆ ಬಂದೆ. ಜೋಕಾಲಿಯ ಹಗ್ಗ ಹೊಸೆಯುತ್ತ ಕುಳಿತಿದ್ದ ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗೌಡಾ, ಮತ್ತ ಅರ್ಥಿಂಗಿಗಿ ಬಣ್ಣ ಹಚ್ಚಿದೇನಪಾ?" ಎಂದರು. ಇಬ್ಬರೂ ಮುದುಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಳಗೆ ಶಕುಂತಲೆ ನಕ್ಕದ್ದೂ ಕೇಳಿಸಿತು. ಅಂದರೆ ಆ ಮನೆಯ ಅರ್ಥಿಂಗ್ ಯಾರೆಂದು ಅವರಿಗೆಲ್ಲ ಮೊದಲಿನಿಂದಲೂ ಗೊತ್ತೇ ಇತ್ತು. ನಾನು ಕೊಟ್ಟಿಗೆಗೆ ಹೋಗಿ ಎತ್ತುಗಳ ಹತ್ತಿರ ನಿಂತೆ. ಅಂಗಿಗೂ ಅವುಗಳ ಕೋಡಿಗೂ ಒಳ್ಳೆಯ ಹೊಂದಾಣಿಕೆ ಇತ್ತು.

ನಾನು ಅಲ್ಲೇ ಇದ್ದಾಗ ಅವರು ಜೋಕಾಲಿ ಕಟ್ಟಿ ಮುಗಿಸಿರಬೇಕು, ಬೇವಿನ ಮರದ ಕಡೆಯಿಂದ ಧೊಪ್ಪೆಂದು ಸದ್ದಾಯಿತು. ಓಡಿ ಹೋದೆ. ಜೋಕಾಲಿಯ ಒಂದು ಬದಿಯ ಗಂಟು ಜಾರಿ, ಹಲಗೆ ನೆಲಕ್ಕೆ ಬಿದ್ದಿತ್ತು. ಸದ್ಯ, ಅದರ ಮೇಲೆ ಇನ್ನೂ ಯಾರೂ ಕುಳಿತಿರಲಿಲ್ಲ. ಗಂಟು ಕಟ್ಟಿದವರು ಮಿಸ್ತ್ರಿ, ಕೊಂಬೆ ಆರಿಸಿದವರು ಮಾವ. ಒಬ್ಬರು ಗಂಟನ್ನು ನೋಡುತ್ತಿದ್ದರು, ಇನ್ನೊಬ್ಬರು ಕೊಂಬೆಯನ್ನು. ಇಬ್ಬರ ಬಾಯಿಯೂ ತೆರೆಯಿತು, ಇಬ್ಬರೂ ತಡೆದರು. ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ಡಾಕ್ಟರ್, ಹಗ್ಗದ ತುದಿ ನೀವ ಹಿಡದಿದ್ರೇನ್ರಿ?" ಎಂದರು ಮಾವ, ಬಹಳ ಮೆತ್ತಗಿನ ದನಿಯಲ್ಲಿ.

"ಹೌದ್ರಿ, ನಾನ ಹಿಡದಿದ್ದೆ" ಎಂದೆ.

ಮಿಸ್ತ್ರಿ ಮತ್ತೆ ಗಂಟು ಹಾಕಲು ಮರದ ಕಡೆ ನಡೆದರು. ಮಾವ ಒಳಗಿನವರಿಗೆ ಚಹಾ ತರಲು ಕೂಗಿ ಹೇಳಿದರು, ಒಂದೇ ಚಹಾ.